ಬಾಗಿಲು ಹಾಕಿಕೊಂಡು ಉಂಡವಳ ಅಧ್ಯಾಯ

ನನಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಕ್ಷರವೇ ಗೊತ್ತಿಲ್ಲ ಎಂದಲ್ಲ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಲಗ್ನಪತ್ರಿಕೆಯ ಮುಹೂರ್ತದ ಸಾಲು, ಇಷ್ಟನ್ನು ಓದಿಕೊಳ್ಳುತ್ತಿದ್ದೆ. ಪೂರ್ತಿ ಒಂದು ಪುಟ ಎದುರಿಗೆ ಬಂದರೆ ಮಾತ್ರ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡು ನಿಂತುಬಿಡುತ್ತಿದ್ದವು. ಕಂಟೋನ್ಮೆಂಟ್ ಕಡೆಯ ಕಾನ್ವೆಂಟಿನಲ್ಲಿ ನನ್ನ ಸೆಕೆಂಡ್ ಲ್ಯಾಂಗ್ವೇಜ್ ಹಿಂದಿ. ಮನೆಯಲ್ಲಿ ಆಡಿದ್ದೆಲ್ಲ ಕನ್ನಡ, ಓದಿದ್ದೆಲ್ಲ ಇಂಗ್ಲಿಷ್. ಹಾಗೆ ಬೆಳೆದವರು ನಮ್ಮ ಕಾಲದ ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಾಯಿಬಿಟ್ಟು ಹೇಳಿದವರನ್ನು ನಾನು ಕಂಡಿಲ್ಲ.

ರಾಜಾಜಿನಗರದ ಈ ಮನೆಗೆ ಸೊಸೆಯಾಗಿ ಬಂದಾಗ ನನಗೆ ಸಿಕ್ಕ ಹೆಸರು ಇಂಗ್ಲಿಷ್ ಸೊಸೆ. ಬ್ಯಾಂಕಿನವರು ಬರೆದ ಕಾಗದಕ್ಕೆ ಅರ್ಥ ಹೇಳಬೇಕಾದರೆ ನನ್ನನ್ನು ಕರೆಯುತ್ತಿದ್ದರು. ಮಾವನವರು ಬಂದವರೆದುರು ನನ್ನ ಕೈಗೆ ಇಂಗ್ಲಿಷ್ ಪೇಪರ್ ಕೊಟ್ಟು ಓದಿಸುತ್ತಿದ್ದರು. ಇಷ್ಟು ಇಂಗ್ಲಿಷ್ ಬರುವವಳಿಗೆ ಕನ್ನಡ ಬರದೆ ಇರುತ್ತದೆಯೇ ಎಂದು ಯಾರಿಗೂ ಅನ್ನಿಸಲಿಲ್ಲ. ನಾನೂ ಅನ್ನಿಸಗೊಡಲಿಲ್ಲ. ಚಿಕ್ಕ ವಯಸ್ಸಿನಲ್ಲಿ ತಲೆನೋವಿನ ನೆಪ ಹೇಳುತ್ತಿದ್ದೆ. ವಯಸ್ಸಾದ ಮೇಲೆ, 'ಗ್ಲಾಸಸ್ ಮೇಲೇ ಬಿಟ್ಟು ಬಂದಿದೀನಿ' ಅನ್ನುವ ನೆಪ.

ಕನ್ನಡ ಓದುತ್ತಿದ್ದವರು ನನ್ನ ಓರಗಿತ್ತಿ, ನನ್ನ ಯಜಮಾನರ ಅಣ್ಣನ ಹೆಂಡತಿ. ನಾನು ಅವರನ್ನು ಅಕ್ಕ ಎನ್ನುತ್ತೇನೆ. ಮಧ್ಯಾಹ್ನದ ಪಾತ್ರೆಯೆಲ್ಲ ತೊಳೆದಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೆಂಪು ನೆಲದ ಮೇಲೆ ದಿಂಬು ಹಾಕಿ ಮಲಗಿ, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಕಾದಂಬರಿಯನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಾನು ಮೆಟ್ಟಿಲ ಮೇಲೆ ಇಂಗ್ಲಿಷ್ ಪೇಪರ್‌ಬ್ಯಾಕ್ ಹಿಡಿದು ಕೂತಿರುತ್ತಿದ್ದೆ. ಅವರ ಓದು ಕಿವಿಗೆ ಬೀಳುತ್ತಿತ್ತು. ಎಷ್ಟೋ ಸಲ ನನ್ನ ಪುಸ್ತಕದ ಪುಟ ತಿರುವಲು ಮರೆತಿದ್ದೂ ಉಂಟು. ಆದರೆ ರಾತ್ರಿ ಯಜಮಾನರ ಹತ್ತಿರ ಅವನ್ನೆಲ್ಲ ಕಿಚನ್ ನಾವೆಲ್ಸ್ ಎಂದು ನಗುತ್ತಿದ್ದೆ.

ಈಗ ಅಣ್ಣ ತಮ್ಮ ಇಬ್ಬರೂ ಇಲ್ಲ. ಕೆಳಗಿನ ಮನೆಯಲ್ಲಿ ಅಕ್ಕ ಮತ್ತು ಅವರ ಮಗಳು, ಮೇಲಿನ ಮನೆಯಲ್ಲಿ ನಾನು. ಮಗಳು ಜ್ಞಾನಭಾರತಿ ಕಡೆ ಒಂದು ಆಫೀಸಿಗೆ ಹೋಗುತ್ತಾಳೆ, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅಕ್ಕನ ದೃಷ್ಟಿಯ ನಡುಭಾಗ ಹೋಗಿದೆ. ಪಕ್ಕದ ಕಿಟಕಿ ಕಾಣುತ್ತದೆ, ಎದುರಿಗೆ ಕೂತವರ ಮುಖ ಕಾಣುವುದಿಲ್ಲ. ಪುಟ ಹಿಡಿದರೆ ಅಂಚಿನ ಬಿಳಿ ಮಾತ್ರ ಕಾಣುತ್ತದೆ, ಅಕ್ಷರ ಇರುವ ಕಡೆಯೆಲ್ಲ ಒಂದು ಬೂದು ಕಲೆ.

ಟ್ಯಾಬ್ ನನ್ನದು. ಆನ್‌ಲೈನ್ ಲೈಬ್ರರಿ ಎಂಬುದೊಂದಿದೆ, ದುಡ್ಡು ಕೊಡದೆ ಪುಸ್ತಕ ಎರವಲು ತರಬಹುದು ಎಂದು ತಿಳಿದ ದಿನದಿಂದ ನಾನು ಹುಚ್ಚು ಹಿಡಿದವಳ ಹಾಗೆ ಓದುತ್ತಿದ್ದೆ. ಸ್ಕೂಲಿನಲ್ಲಿ ಸಿಸ್ಟರುಗಳು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ ಕಥೆ ಪುಸ್ತಕಗಳೆಲ್ಲ ಅಲ್ಲಿದ್ದವು. ಹಳದಿಯಾದ ಪುಟಗಳ ಫೋಟೊ, ಮೂಲೆಯಲ್ಲಿ ಯಾವುದೋ ದೂರದೇಶದ ಊರಿನ ಲೈಬ್ರರಿ ಸೀಲು, ಕೆಲವು ಕಡೆ ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಸಹಾ. ಆ ಹೆಬ್ಬೆರಳನ್ನು ನೋಡಿದಾಗೆಲ್ಲ, ಯಾರೋ ಎದುರಿಗೆ ಕೂತು ನನಗಾಗಿ ಪುಸ್ತಕ ಬಿಡಿಸಿ ಹಿಡಿದಿದ್ದಾರೆ ಅನ್ನಿಸುತ್ತಿತ್ತು. ಕೌಂಟರಿನಲ್ಲಿ ಕೂತು ನಾವು ಏನು ತೆಗೆದುಕೊಂಡೆವು ಎಂದು ನೋಡುವವರು ಯಾರೂ ಇಲ್ಲ ಎಂಬುದು ನನಗೆ ಇನ್ನೂ ದೊಡ್ಡ ಸುಖವಾಗಿತ್ತು.

ಅಕ್ಕ ಒಂದು ಮಧ್ಯಾಹ್ನ ಕೇಳಿದರು: "ಅದ್ರಲ್ಲಿ ಕನ್ನಡ ಪುಸ್ತಕ ಸಿಗಲ್ವೇನೇ?"

ಸಿಗುತ್ತೆ ಅಂದೆ. ಅಲ್ಲಿಗೇ ಬಾಯಿ ಮುಚ್ಚಬೇಕಿತ್ತು. ಯಾವುದು ಬೇಕು ಹೇಳಿ, ನಾನು ಓದಿ ಹೇಳ್ತೀನಿ ಎಂದೂ ಅಂದುಬಿಟ್ಟೆ. ಯಾಕೆ ಅಂದೆನೋ. ಸುಮ್ಮನೆ ಗೋಡೆ ನೋಡಿಕೊಂಡು ಕೂತಿರುತ್ತಿದ್ದ ಅವರನ್ನು ಕಂಡು ಪಾಪ ಅನ್ನಿಸಿತ್ತು, ಅದು ನಿಜ. ಟ್ಯಾಬ್ ಹಿಡಿದ ಕೈಗೆ ಸ್ವಲ್ಪ ಗತ್ತು ಬಂದಿತ್ತು, ಅದೂ ನಿಜ.

ಅವರು ಹೇಳಿದ್ದು ಬಹಳ ಹಿಂದೆ ಓದಿದ್ದ ಒಂದು ಕಾದಂಬರಿ. ರೈಲ್ವೆ ಜಂಕ್ಷನ್ ಪಕ್ಕದಲ್ಲಿ ಊಟದ ಮೆಸ್ ನಡೆಸುವ ಒಬ್ಬ ವಿಧವೆಯ ಕಥೆ. ಹುಡುಕಿದರೆ ಎರಡು ಸಿಕ್ಕವು. ಒಂದು ಕನ್ನಡದ್ದು, ಹಳೇ ಅಚ್ಚು, ಒತ್ತಕ್ಷರವೆಲ್ಲ ಕಲಸಿಹೋದ ಸ್ಕ್ಯಾನು. ಇನ್ನೊಂದು ಅದರದೇ ಇಂಗ್ಲಿಷ್ ಅನುವಾದ, ನೀಟಾದ ಪ್ರಿಂಟು. ಮಾರನೆಯ ಬೆಳಿಗ್ಗೆ ಕನ್ನಡದ್ದನ್ನು ತೆರೆದು ಕೂತೆ. ತಿಂಡಿಯ ಹೊತ್ತಿನಿಂದ ಊಟದ ಹೊತ್ತಿನವರೆಗೆ ಒಂದು ಪುಟ ಆಯಿತು. ಟ್ಯಾಬೇ ಓದಿ ಹೇಳುತ್ತದೆಯೇ ಎಂದು ನೋಡಿದೆ. ಪುಟವೆಲ್ಲ ಬರೀ ಫೋಟೊ ಆದ್ದರಿಂದ ಅದಕ್ಕೂ ಅಕ್ಷರ ಗೊತ್ತಾಗಲಿಲ್ಲ. ಮೂರು ಗಂಟೆಗೆ ಅಕ್ಕ ಕೆಳಗಿನಿಂದ ಕೂಗಿದರು. ನಾನು ಇಂಗ್ಲಿಷ್ ಪುಸ್ತಕವನ್ನು ಎರವಲು ತೆಗೆದುಕೊಂಡು ಮೆಟ್ಟಿಲಿಳಿದೆ.

ಕಣ್ಣಿನಲ್ಲಿ ಇಂಗ್ಲಿಷ್ ನೋಡುತ್ತ ಬಾಯಲ್ಲಿ ಕನ್ನಡ ಹೇಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಎರಡನೇ ದಿನಕ್ಕೆ ಅಭ್ಯಾಸವಾಯಿತು. "ಎಷ್ಟು ಸರಾಗವಾಗಿ ಓದ್ತೀಯೇ" ಎಂದು ಅಕ್ಕ ಮೆಚ್ಚಿದರು, ನಾನು ಆ ಮೆಚ್ಚುಗೆಯನ್ನು ಮೇಲೆ ತೆಗೆದುಕೊಂಡು ಹೋಗಿ ಕಾಫಿಯ ಜೊತೆ ಮತ್ತೊಮ್ಮೆ ಸವಿದೆ.

ತೊಂದರೆಗಳು ಸಣ್ಣವಾಗಿ ಶುರುವಾದವು. ಮೆಸ್ಸಿನಲ್ಲಿ ಬಡಿಸುವ ಪದಾರ್ಥಕ್ಕೆ ಅನುವಾದಕರು ಎಲ್ಲ ಕಡೆಯೂ ಲೆಂಟಿಲ್ ಸ್ಟ್ಯೂ ಎಂದು ಬರೆದಿದ್ದರು. ಅದು ಸಾರೋ, ಹುಳಿಯೋ, ತೊವ್ವೆಯೋ ನನಗೇನು ಗೊತ್ತು? ಬಾಯಿಗೆ ಬಂದಂತೆ ತೊವ್ವೆ ಎಂದೆ. ಅಕ್ಕ ತಡೆದರು. "ಮೆಸ್ಸಲ್ಲಿ ದಿನಾ ತೊವ್ವೆ ಹಾಕ್ತಾರೇನೇ? ಲಾಸ್ ಆಗಲ್ವಾ ಪಾಪ ಅವಳಿಗೆ?" ಮತ್ತೊಂದು ದಿನ ಆ ವಿಧವೆ ಹಾಲಿನವನ ಹತ್ತಿರ ಕ್ಷಮಾಪಣೆ ಕೇಳಿದಳು ಎಂದು ಓದಿದೆ. ಆ ಕಾಲದಲ್ಲಿ ಯಾವ ಹೆಂಗಸು ಹಾಲಿನವನ ಹತ್ತಿರ ಕ್ಷಮಾಪಣೆ ಕೇಳುತ್ತಿದ್ದಳು, ಅವನು ನೀರು ಹಾಕಿದ್ದಕ್ಕೆ ಇವಳೇ ಜಗಳ ಆಡಬೇಕಿತ್ತಲ್ಲ ಎಂದು ಅಕ್ಕ ನಕ್ಕರು. "ಭಾಷೆ ಯಾಕೋ ಆಫೀಸ್ ಥರ ಇದೆ ಕಣೇ. ಆಗ ಹೀಗನ್ನಿಸಿರ್ಲಿಲ್ಲ" ಎಂದರು. ನಾನೂ ನಕ್ಕೆ. ವಯಸ್ಸಾದ ಮೇಲೆ ರುಚಿ ಬದಲಾಗುತ್ತೆ ಅಕ್ಕ, ಎಂದು ಒಂದು ಮಾತೂ ಸೇರಿಸಿದೆ.

ಆ ಲೈಬ್ರರಿಯಲ್ಲಿ ಪುಸ್ತಕಕ್ಕೆ ಒಂದೇ ಪ್ರತಿ, ಒಬ್ಬರು ತೆಗೆದುಕೊಂಡರೆ ಇನ್ನೊಬ್ಬರು ಕಾಯಬೇಕು. ಒಂದು ಗಂಟೆಯ ಸಾಲ, ಗಂಟೆ ಮುಗಿದರೆ ಪುಟ ಮಬ್ಬಾಗುತ್ತದೆ, ಮತ್ತೆ ಒತ್ತಿ ತೆಗೆದುಕೊಳ್ಳಬೇಕು. ಒಂದು ಸಲ ಓದುತ್ತಿದ್ದ ಹಾಗೆಯೇ ಮಬ್ಬಾಯಿತು. ಎಲ್ಲಿಯೋ ಯಾರೋ ಕಾದಿದ್ದು ತೆಗೆದುಕೊಂಡುಬಿಟ್ಟರು. ಅಕ್ಕ ಕೇಳುತ್ತ ಕೂತಿದ್ದಾರೆ. ಮಬ್ಬು ಪುಟ ನೋಡುತ್ತ ಪ್ಲಾಟ್‌ಫಾರಂ ಮೇಲೆ ಮಳೆ ಬರಿಸಿದೆ, ಮೆಸ್ಸಿಗೆ ಊಟಕ್ಕೆ ಬರುವ ಸ್ಟೇಷನ್ ಮಾಸ್ಟರಿಗೆ ಒಂದು ಕೆಮ್ಮು ತರಿಸಿದೆ, ಗಂಟಲು ಕಟ್ಟಿದೆ ಎಂದು ಎದ್ದು ಬಂದೆ. ಮೇಲೆ ಬಂದು ಕನ್ನಡಿಯ ಮುಂದೆ ಮುಖ ತೊಳೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಹಾಗೆಂದು ಮಾರನೆಯ ದಿನ ನಿಲ್ಲಿಸಿದೆನೇ? ಇಲ್ಲ.

ಅಕ್ಕ ಮೊದಲಿನಿಂದಲೂ ಒಂದು ಅಧ್ಯಾಯಕ್ಕೆ ಕಾಯುತ್ತಿದ್ದರು. ದಿನವೂ ಹೇಳುತ್ತಿದ್ದರು. ಒಂದು ಮಧ್ಯಾಹ್ನ, ರೈಲು ಬರುವ ಹೊತ್ತಿನಲ್ಲೇ, ಅವಳು ಮೆಸ್ಸಿನ ಬಾಗಿಲು ಹಾಕಿ ಅಗಳಿ ಇಡುತ್ತಾಳೆ. ತನಗೊಬ್ಬಳಿಗೇ ಅಡುಗೆ ಮಾಡುತ್ತಾಳೆ. ಕುಡಿಬಾಳೆ ಎಲೆ ಹಾಕಿ, ಉಪ್ಪಿನಿಂದ ಶುರು ಮಾಡಿ ಪಾಯಸದವರೆಗೆ ತನಗೆ ತಾನೇ ಬಡಿಸಿಕೊಂಡು, ಬಿಸಿಬಿಸಿಯಾಗಿ ಉಣ್ಣುತ್ತಾಳೆ. ಹೊರಗೆ ಜನ ಬಾಗಿಲು ಬಡಿಯುತ್ತಲೇ ಇರುತ್ತಾರೆ. ಅಷ್ಟೇ ಅಧ್ಯಾಯ. "ಅದು ಬರ್ಲಿ ಇರು, ನೀನೂ ಅಳ್ತೀಯ" ಎನ್ನುತ್ತಿದ್ದರು ಅಕ್ಕ.

ಅದು ಬರಲಿಲ್ಲ. ಕಥೆ ಮುಂದಕ್ಕೆ ಹೋಯಿತು, ಸ್ಟೇಷನ್ ಮಾಸ್ಟರಿಗೆ ಟ್ರಾನ್ಸ್‌ಫರ್ ಆಯಿತು, ಪುಸ್ತಕ ಮುಗಿಯುತ್ತ ಬಂತು.

"ಬಿಟ್ಟುಬಿಟ್ಯಾ ಹೇಗೆ?" ಎಂದರು ಅಕ್ಕ.

"ಇಲ್ಲ ಅಕ್ಕ. ಇದ್ರಲ್ಲಿ ಅಂಥದ್ದೇನೂ ಇಲ್ಲ."

"ಇದೆ ಕಣೇ. ನಾನೇ ಅತ್ತೆಗೆ ಓದಿ ಹೇಳಿದೀನಿ. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡ್ರು."

"ಬೇರೆ ಯಾವುದೋ ಪುಸ್ತಕದ್ದಿರಬೇಕು."

ಎಷ್ಟು ಸಲೀಸಾಗಿ ಹೇಳಿದೆ. ಅಕ್ಕ ಇನ್ನೊಂದು ಸಲ ಇದೆ ಎಂದರು, ಮತ್ತೂ ಒಂದು ಸಲ ಎಂದರು.

ಮಾರನೆಯ ಬೆಳಿಗ್ಗೆ ನಾನು ಕನ್ನಡದ ಸ್ಕ್ಯಾನನ್ನು ತೆರೆದೆ. ಪುಟ ಪುಟವನ್ನೂ ಬೆರಳಿನಿಂದ ಹಿಗ್ಗಿಸಿ, ಅಧ್ಯಾಯ ಶುರುವಾಗುವ ಸಾಲನ್ನಷ್ಟೇ ಕೂಡಿಸಿ ಕೂಡಿಸಿ ಓದುತ್ತ ಹೋದೆ. ಮುಕ್ಕಾಲು ಪುಸ್ತಕ ದಾಟಿದ ಮೇಲೆ ಸಿಕ್ಕಿತು. ಬಾ, ಗಿ, ಲು. ಮುಂದಿನ ಪದ ಅಗಳಿ. ಇಂಗ್ಲಿಷಿಗೆ ಅನುವಾದಿಸಿದವರು ಆ ಅಧ್ಯಾಯವನ್ನು ಇಡಿಯಾಗಿ ಕೈಬಿಟ್ಟಿದ್ದರು. ಅದರಲ್ಲಿ ಕಥೆ ಏನೂ ನಡೆಯುವುದಿಲ್ಲವಲ್ಲ, ಅದಕ್ಕಿರಬೇಕು.

ಆಗಲೇ ಕೆಳಗಿಳಿದು ಹೇಳಬೇಕು ಎಂದುಕೊಂಡೆ. ಇಳಿದೂ ಇಳಿದೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಂದರು: "ನಂದೇ ತಪ್ಪು ಕಣೇ. ರಾತ್ರಿಯೆಲ್ಲ ಯೋಚ್ನೆ ಮಾಡಿದೆ. ಬೇರೆ ಯಾವುದ್ರದ್ದೋ ಇದಕ್ಕೆ ಸೇರಿಸಿಕೊಂಡಿದೀನಿ." ಅಷ್ಟು ಹೊತ್ತಿಗೆ ನನಗೆ ಹೇಳುವುದು ಸುಲಭವೋ ಬಿಡುವುದು ಸುಲಭವೋ? ಪರವಾಗಿಲ್ಲ ಬಿಡಿ ಅಕ್ಕ, ಎಂದೆ. ಕ್ಷಮಿಸಿದವಳ ಹಾಗೆ.

ಆಮೇಲೆ ಅಕ್ಕ ಬದಲಾದರು. ಪುಸ್ತಕದ ಮಾತೇ ಬಿಟ್ಟರು. ಹಳೆಯ ವಿಷಯ ಏನಾದರೂ ಹೇಳಲು ಹೊರಟರೆ ಅರ್ಧಕ್ಕೆ ನಿಲ್ಲಿಸಿ ನನ್ನನ್ನು ಕೇಳುತ್ತಿದ್ದರು: ಅತ್ತೆ ತೀರಿಕೊಂಡಾಗ ಬೇಸಿಗೆಯೇ ತಾನೆ? ನಿನ್ನ ಮದುವೆಯಲ್ಲಿ ನಾನು ಉಟ್ಟಿದ್ದು ಹಸಿರು ರೇಷ್ಮೆಯೇ ತಾನೆ? ನಾನು ಹೌದು ಎಂದರೂ ನಂಬಿಕೆ ಸಾಲದೆ ಸಂಜೆ ಮಗಳನ್ನು ಮತ್ತೆ ಕೇಳುತ್ತಿದ್ದರು. ಸಾರಿಗೆ ಉಪ್ಪು ಹಾಕಿ, ಹಾಕಿದೆನೋ ಇಲ್ಲವೋ ಎಂದು ಒಲೆಯ ಮುಂದೆ ನಿಂತುಬಿಡುತ್ತಿದ್ದರು. ಕಣ್ಣು ಹೋದ ಮೇಲೆಯೂ ಅಡುಗೆಮನೆಯಲ್ಲಿ ತಡಕಾಡದಿದ್ದ ಹೆಂಗಸು.

ಮಗಳು ಒಂದು ಭಾನುವಾರ ಮೇಲೆ ಬಂದಳು. "ಚಿಕ್ಕಮ್ಮ, ಅಮ್ಮನಿಗೆ ಮರೆವು ಶುರುವಾಗಿದೆ ಅನ್ಸುತ್ತೆ. ಇಲ್ಲದಿರೋದೆಲ್ಲ ಇದೆ ಅಂತಾರಂತೆ, ಅವರೇ ಹೇಳಿದ್ರು. ವಿಜಯನಗರದಲ್ಲಿ ಒಬ್ರು ಡಾಕ್ಟ್ರಿದಾರೆ, ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ನೀವೂ ಬನ್ನಿ, ನೀವಿದ್ರೆ ಅವರಿಗೆ ಧೈರ್ಯ." ನಾನು ಅವಳಿಗೂ ಹೇಳಲಿಲ್ಲ. ಡಾಕ್ಟರು ಏನೂ ಇಲ್ಲ ಎಂದುಬಿಡುತ್ತಾರೆ, ಎಲ್ಲ ತಾನಾಗಿ ಸರಿಹೋಗುತ್ತದೆ, ನಾನು ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಲೆಕ್ಕ ಹಾಕಿದೆ. ಇದನ್ನು ಬರೆಯುವಾಗ ನನಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಈ ಸಾಲಿಗೆ.

ಅತ್ತಿಗುಪ್ಪೆ ಮೆಟ್ರೊ ಸ್ಟೇಷನ್ನಿನ ಹತ್ತಿರ ಆ ಕ್ಲಿನಿಕ್ಕು. ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯಲ್ಲಿ ಸದ್ದಿಲ್ಲದೆ ಓಡುವ ಟಿವಿ. ಮಗಳು ಕೌಂಟರಿಗೆ ಹೋದಳು. ಅಕ್ಕ ಒಳ್ಳೆಯ ಸೀರೆ ಉಟ್ಟಿದ್ದರು. ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ನೆಟ್ಟಗೆ ಕೂತು, ನನ್ನ ಕಡೆ ವಾಲಿ, ಡಾಕ್ಟರು ಇವತ್ತು ಯಾವ ವಾರ ಅಂತ ಕೇಳ್ತಾರಂತೆ ಎಂದರು. ತಾವೇ ವಾರ, ತಿಂಗಳು, ಊರು, ಏರಿಯಾ ಹೇಳಿಕೊಂಡರು. ನೂರರಿಂದ ಏಳು ಏಳು ಕಳೆಯುತ್ತ ಹೋಗಬೇಕಂತೆ ಎಂದು ಅದನ್ನೂ ಮೆಲ್ಲಗೆ ಒಪ್ಪಿಸಿದರು. ಎಲ್ಲಿಯೂ ತಪ್ಪಲಿಲ್ಲ. ಆಮೇಲೆ ನನ್ನ ಮುಂಗೈ ಹಿಡಿದುಕೊಂಡರು.

"ಆ ಪುಸ್ತಕದ ವಿಷ್ಯ ಮಾತ್ರ ಡಾಕ್ಟ್ರ ಹತ್ರ ಎತ್ಬೇಡ ಕಣೇ. ಇಲ್ಲದ್ದನ್ನ ಇದೆ ಅಂತ ಹಟ ಹಿಡಿದ್ನಲ್ಲ, ನೆನೆಸ್ಕೊಂಡ್ರೆ ನಾಚ್ಕೆ ಆಗುತ್ತೆ."

ಅವರ ಕೈ ತಣ್ಣಗಿತ್ತು. ನನ್ನ ನಾಚಿಕೆಯನ್ನು ಅವರು ಇಷ್ಟು ದಿನ ಹೊತ್ತು ತಿರುಗುತ್ತಿದ್ದರು.

"ಅಕ್ಕ, ಅದು ಇದೆ" ಎಂದೆ. "ಆ ಅಧ್ಯಾಯ ಇದೆ. ನಾನು ಓದ್ತಿದ್ದಿದ್ದು ಕನ್ನಡದ್ದಲ್ಲ."

"ಮತ್ತೆ?"

"ಇಂಗ್ಲಿಷ್‌ದು. ನೋಡ್ಕೊಂಡು ನಾನೇ ಕನ್ನಡದಲ್ಲಿ ಹೇಳ್ತಿದ್ದೆ. ಅನುವಾದ ಮಾಡಿದವ್ರು ಅದನ್ನ ಬಿಟ್ಬಿಟ್ಟಿದಾರೆ. ಕನ್ನಡದ್ರಲ್ಲಿ ಇದೆ, ನಾನು ನೋಡಿದೀನಿ."

"ಕನ್ನಡದ್ದೇ ಓದ್ಬಹುದಿತ್ತಲ್ಲ?"

"ನಂಗೆ ಓದಕ್ಕೆ ಬರಲ್ಲ."

"ಬರಲ್ಲ ಅಂದ್ರೆ?"

"ಬರಲ್ಲ ಅಂದ್ರೆ ಬರಲ್ಲ, ಅಕ್ಕ. ಮೊದಲಿಂದ್ಲೂ."

ಪಕ್ಕದ ಕುರ್ಚಿಯ ಹೆಂಗಸು ನಮ್ಮ ಕಡೆ ತಿರುಗಿದ್ದು ಕಂಡಿತು. ಅಕ್ಕ ಹಿಡಿದಿದ್ದ ಕೈಯನ್ನು ನಿಧಾನವಾಗಿ ತೆಗೆದು ತಮ್ಮ ಮಡಿಲಲ್ಲಿಟ್ಟುಕೊಂಡರು. ಅಷ್ಟರಲ್ಲಿ ಒಳಗಿನಿಂದ ಹೆಸರು ಕೂಗಿದರು. ಅವರು ಎದ್ದು ಮಗಳ ತೋಳು ಹಿಡಿದು ಹೋದರು. ನಾನು ಹೊರಗೇ ಕೂತೆ.

ಡಾಕ್ಟರು ಗಾಬರಿಪಡುವಂಥದ್ದೇನಿಲ್ಲ, ವಯಸ್ಸಿಗೆ ತಕ್ಕ ಹಾಗಿದೆ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರಂತೆ. ಆಟೋದಲ್ಲಿ ಮಗಳು ನಡುವೆ ಕೂತಿದ್ದಳು. ಟೋಲ್‌ಗೇಟಿನ ಟ್ರಾಫಿಕ್ಕಿನಲ್ಲಿ ನಿಂತಾಗ ಅಕ್ಕ, ಮಗಳು ಕೇಳುತ್ತಾಳೆ ಎಂಬ ಪರಿವೆಯಿಲ್ಲದೆ, ಹೊರಗೆ ನೋಡುತ್ತ ಹೇಳಿದರು: "ನನ್ನ ತಲೆ ಕೆಟ್ಟಿದೆ ಅಂತ ನಾನೇ ನಂಬಿಬಿಟ್ಟಿದ್ದೆ ಕಣೇ. ನೀನು ಪಕ್ಕದಲ್ಲೇ ಕೂತಿದ್ದೆ."

ಕೆಲವು ದಿನ ಕೆಳಗಿನಿಂದ ಕೂಗು ಬರಲಿಲ್ಲ. ನಾನಾಗಿ ಹೋಗಲು ಮುಖವಿರಲಿಲ್ಲ. ಮಧ್ಯಾಹ್ನ ಮೂರಾದರೆ ಟ್ಯಾಬ್ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದೆ. ಲೈಬ್ರರಿಯಲ್ಲಿದ್ದ ನನ್ನ ಇಂಗ್ಲಿಷ್ ಕಥೆಗಳು ಯಾವುವೂ ತಲೆಗೆ ಹತ್ತುತ್ತಿರಲಿಲ್ಲ. ಕೊನೆಗೆ ಒಂದು ರಜಾದಿನ ಮಗಳು ಬಂದು ಬಾಗಿಲಲ್ಲಿ ನಿಂತಳು. ಅವಳ ಮುಖದಲ್ಲಿ ಸಿಟ್ಟಿತ್ತು, ಅದು ನ್ಯಾಯವೇ. ಅಮ್ಮ ಕರೀತಿದಾರೆ, ಟ್ಯಾಬ್ ತರಬೇಕಂತೆ ಎಂದಷ್ಟೇ ಹೇಳಿ ಇಳಿದು ಹೋದಳು.

"ಕನ್ನಡದ್ದು ತೆಗಿ" ಎಂದರು ಅಕ್ಕ. "ಅದೇ ಅಧ್ಯಾಯ."

ಅರವತ್ತು ದಾಟಿ ಎಷ್ಟೋ ವರ್ಷವಾದ ಮೇಲೆ, ನಮ್ಮ ಮನೆಯ ನಡುಮನೆಯಲ್ಲಿ, ನಾನು ಒಂದನೇ ಕ್ಲಾಸಿನ ಮಗುವಿನ ಹಾಗೆ ಓದಿದೆ. ಬಾ-ಗಿ-ಲು. ಅ-ಗ-ಳಿ. ಒತ್ತಕ್ಷರ ಬಂದಲ್ಲೆಲ್ಲ ನಿಂತೆ. ಕೆಳಗೆ ಏನೋ ಬಾಲ ಇದೆ ಅಕ್ಕ, ಇಲಿಯ ಹಾಗೆ ಎಂದರೆ, ಮೇಲೇನಿದೆ ಹೇಳು, ಹಿಂದಿನ ಪದ ಹೇಳು ಎಂದು ಕೇಳಿ ಅವರು ಪದವನ್ನು ಊಹಿಸಿ ಮುಗಿಸುತ್ತಿದ್ದರು. ಎಷ್ಟೋ ಕಡೆ ನಾನು ಮೊದಲ ಅಕ್ಷರ ಹೇಳುವ ಮೊದಲೇ ಅವರ ಬಾಯಲ್ಲಿ ಪೂರ್ತಿ ಸಾಲೇ ಬಂದಿತು. ನಾನು ಬೆರಳಿಟ್ಟು ನೋಡುತ್ತಿದ್ದೆ, ಅದೇ ಇರುತ್ತಿತ್ತು. "ಇದೆಯಾ?" ಎನ್ನುತ್ತಿದ್ದರು. ಇದೆ ಅಕ್ಕ. "ಹಾಗೇ ಇದೆಯಾ?" ಹಾಗೇ ಇದೆ. ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಪಾಯಸ ಬಡಿಸಿಕೊಳ್ಳುವಲ್ಲಿಗೆ ಬರುವ ಹೊತ್ತಿಗೆ ಬೆಳಕು ಇಳಿದಿತ್ತು. ನಾನು ಅಳುತ್ತೇನೆ ಎಂದು ಅಕ್ಕ ಮೊದಲೇ ಹೇಳಿದ್ದರು. ಅತ್ತುಬಿಟ್ಟೆ, ಆದರೆ ಕಥೆಗೋ ಬೇರೆ ಯಾವುದಕ್ಕೋ ಹೇಳಲಾರೆ. ಅಕ್ಕ ಅಳಲಿಲ್ಲ.

ಕ್ಷಮಿಸಿದೆ ಎಂದು ಅವರು ಇವತ್ತಿನವರೆಗೂ ಹೇಳಿಲ್ಲ. ಬಂದ ನೆಂಟರಿಗೆಲ್ಲ ಕಥೆ ಹೇಳುತ್ತಾರೆ. ನಾನು ಎದುರಿಗೇ ಕೂತಿರುವಾಗ, ತೊವ್ವೆ, ಕ್ಷಮಾಪಣೆ, ಕೆಮ್ಮು, ಒಂದನ್ನೂ ಬಿಡದೆ. ಇವಳು ನಮ್ಮನೆ ಕಾನ್ವೆಂಟು, ಈಗ ಒಂದನೇ ಕ್ಲಾಸಿಗೆ ಸೇರಿಸಿದೀನಿ ಎನ್ನುತ್ತಾರೆ. ಬಸವೇಶ್ವರನಗರದಿಂದ ಬಂದಿದ್ದ ನಮ್ಮ ಸೋದರತ್ತೆಯ ಸೊಸೆ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡಳು. ನನ್ನ ಕಿವಿಯೆಲ್ಲ ಬಿಸಿಯಾಗುತ್ತದೆ, ಎದ್ದು ಹೋಗಬೇಕು ಅನ್ನಿಸುತ್ತದೆ. ಎದ್ದು ಹೋಗುವುದಿಲ್ಲ. ಕಥೆ ಹೇಳುವಾಗ ಅಕ್ಕ ಯಾರನ್ನೂ ಅಲ್ವಾ, ಹೌದಾ ಎಂದು ಕೇಳುವುದಿಲ್ಲ. ಮೊದಲಿನ ದನಿಯಲ್ಲಿ ಹೇಳುತ್ತಾರೆ.

ದಿನಕ್ಕೆ ಒಂದು ಪುಟ ಓದುತ್ತೇವೆ. ಕೆಲವು ದಿನ ಎರಡು. ಈ ಬರಹವನ್ನೂ ಹಾಗೆಯೇ, ದಿನಕ್ಕಿಷ್ಟು ಎಂದು ಕನ್ನಡದಲ್ಲೇ ಬರೆದಿದ್ದೇನೆ, ಕಾಗುಣಿತವನ್ನು ಅಕ್ಕನ ಮಗಳು ತಿದ್ದಿದ್ದಾಳೆ. ಇನ್ನೂ ಪೂರ್ತಿ ಮಾತಾಡುವುದಿಲ್ಲ ಅವಳು, ತಿದ್ದುತ್ತಾಳೆ.

ಮೊನ್ನೆ ಓದುತ್ತಿದ್ದ ಪುಟದಲ್ಲಿ ರೇಡಿಯೊ ಬಂತು. ಅಕ್ಕ ಅಲ್ಲಿಂದ ನಮ್ಮ ಬೀದಿಯ ಮಾತಿಗೆ ಹೋದರು. ಬೀದಿಗೆ ಮೊದಲು ಬಂದ ಟಿವಿ ನಮ್ಮ ಮನೆಯದು, ಎದುರುಮನೆಯವರೆಲ್ಲ ನಮ್ಮಲ್ಲಿಗೆ ಬಂದು ನೋಡುತ್ತಿದ್ದರು ಎಂದರು. ನನಗೆ ನೆನಪಿರುವುದು ಬೇರೆ. ಟಿವಿ ಎದುರುಮನೆಯದು, ನಾವು ಆಗ ಕೈಗೂಸಾಗಿದ್ದ ಅಕ್ಕನ ಮಗಳನ್ನು ಎತ್ತಿಕೊಂಡು ರಸ್ತೆ ದಾಟಿ ಹೋಗುತ್ತಿದ್ದೆವು, ಅವರ ಮನೆಯ ಚಾಪೆಯ ವಾಸನೆ ಕೂಡ ನನಗೆ ನೆನಪಿದೆ.

"ಅಲ್ವೇನೇ?" ಎಂದರು.

ಹೌದು ಎಂದರೆ ಮತ್ತೊಂದು ಸುಳ್ಳು. ಅಲ್ಲ ಎನ್ನಲು ನನಗೆ ಯಾವ ಬಾಯಿ? ಮೊದಲೊಮ್ಮೆ ಅಲ್ಲ ಎಂದದ್ದರಿಂದ ಏನಾಯಿತು ಎಂದು ನೋಡಿದ್ದೇನೆ. ಈ ಸಲ ನಾನು ಸರಿಯೋ ಅವರು ಸರಿಯೋ, ಸಾಕ್ಷಿ ಹೇಳುವವರು ಯಾರೂ ಉಳಿದಿಲ್ಲ. ಅಕ್ಕ ಕಾಯುತ್ತಿದ್ದರು.

"ಎದುರುಮನೆಯವರದು ಅಂತ ನನ್ನ ನೆನಪು, ಅಕ್ಕ. ನಂದೇ ತಪ್ಪಿರಬಹುದು."

ಅಕ್ಕ ಸೆರಗು ಸರಿಮಾಡಿಕೊಂಡರು.

"ನಿಂದೇ ತಪ್ಪು ಬಿಡು" ಎಂದರು. "ಓದು ಮುಂದೆ."